ಐದು ಲಕ್ಷದ ಕಾರ್ಡ್ ಬಂದ ಮೇಲೂ ತೋಟಕ್ಕೆ ಕಂಪೌಂಡರ್ ಬೇಕೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಾಡಾನೆ ಮತ್ತು ಕರಿಮೆಣಸಿನ ರೇಟನ್ನು ಬಿಟ್ಟರೆ ಹೆಚ್ಚಿನವು ಆಸ್ಪತ್ರೆಯ ಬಗ್ಗೆ ಇರುತ್ತವೆ. ತೋಟದ ಮಾಲೀಕರಂತೂ ಒಂದೇ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳುತ್ತಾರೆ. ಸಿದ್ದಾಪುರ ಕಡೆಯ ಹಿರಿಯ ಬೆಳೆಗಾರರೊಬ್ಬರು ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ ಸಿಕ್ಕವರು ಸುತ್ತಿ ಬಳಸದೆ ಕೇಳಿದರು: "ನಮ್ಮ ಲೈನ್‌ಮನೆಯವರಿಗೆಲ್ಲ ಬಿಪಿಎಲ್ ಕಾರ್ಡ್ ಉಂಟು. ಸರ್ಕಾರವೇ ಐದು ಲಕ್ಷ ಕೊಡ್ತದೆ. ಮತ್ತೆ ನಾನು ಎಂತಕ್ಕೆ ಕಂಪೌಂಡರಿಗೆ ಸಂಬಳ ಕೊಡ್ಬೇಕು ಮಾರಾಯ್ರೆ?" ಬೆಂಗಳೂರಿನ ಕಂಪನಿಗಳಲ್ಲಿರುವ ನಮ್ಮೂರ ಹುಡುಗರು ಇದನ್ನೇ ಬೇರೆ ತುದಿಯಿಂದ ಕೇಳುತ್ತಾರೆ. ದೇಶದ ಎಲ್ಲರಿಗೂ ಸರ್ಕಾರವೇ ಚಿಕಿತ್ಸೆ ಕೊಡುವಂತಾದರೆ ದೊಡ್ಡ ದೊಡ್ಡ ಕಂಪನಿಗಳಿಗೆ ಎಷ್ಟು ದುಡ್ಡು ಉಳಿಯಬಹುದು ಎಂಬುದು ಅವರ ಕುತೂಹಲ.

ಉಳಿಯುತ್ತದೆ. ಆದರೆ ಮಾಲೀಕರು ಅಂದುಕೊಂಡ ಕಡೆಯಲ್ಲಿ ಅಲ್ಲ, ಅಂದುಕೊಂಡಷ್ಟೂ ಅಲ್ಲ. ತೋಟವೊಂದರ ಆಫೀಸಿನಲ್ಲಿ ರೈಟರ್ ಆಗಿ ಬಹಳ ಕಾಲ ಚೆಕ್‌ರೋಲ್ ಬರೆದವನಾದ್ದರಿಂದ ನನಗೆ ಈ ವಿಷಯ ಮೊದಲು ಕಾಣುವುದೇ ಲೆಕ್ಕದ ಪುಸ್ತಕದಲ್ಲಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ತೋಟದ 'ಮೆಡಿಕಲ್' ಎಂಬ ಖಾತೆಯಲ್ಲಿ ಏನೇನಿರುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಹೃದಯದ ಆಪರೇಷನ್ನು, ಕಿಡ್ನಿ, ಕ್ಯಾನ್ಸರ್ ಎಂದು ಅವರು ಊಹಿಸುತ್ತಾರೆ. ನಿಜದಲ್ಲಿ ಆ ಪುಸ್ತಕ ತುಂಬುವುದು ಜ್ವರ, ಭೇದಿ, ಬೆನ್ನುನೋವು, ಕಪಾತು ಮಾಡುವಾಗ ಕೈಗೆ ತಗುಲಿದ ಕತ್ತಿ, ಮಳೆಗಾಲದಲ್ಲಿ ಜಿಗಣೆ ಕಚ್ಚಿ ಕೆರೆದು ಹುಣ್ಣಾದ ಕಾಲು ಇವುಗಳಿಂದ. ಬಸುರಿಯರಿಗೆ ಕಬ್ಬಿಣದ ಮಾತ್ರೆ, ಮುದುಕರಿಗೆ ಬಿಪಿ ಮಾತ್ರೆ. ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ಕಂಪೌಂಡರ್ ತನ್ನ ಕೋಣೆಯ ಬಾಗಿಲು ತೆಗೆದಿರುತ್ತಾನೆ. ಮೇಸ್ತ್ರಿ ಇಬ್ಬರನ್ನೋ ಮೂವರನ್ನೋ ಅಲ್ಲಿಗೆ ಕಳಿಸುತ್ತಾನೆ. ಒಬ್ಬನಿಗೆ ಡ್ರೆಸ್ಸಿಂಗ್, ಒಬ್ಬಳಿಗೆ ಮಾತ್ರೆ ಮತ್ತು ಒಂದು ದಿನದ ಸಿಕ್ ಚೀಟಿ. ಆ ಚೀಟಿ ನನ್ನ ಮೇಜಿಗೆ ಬಂದಾಗ ಚೆಕ್‌ರೋಲಿನಲ್ಲಿ ಆಕೆಯ ಹೆಸರಿನ ಮುಂದೆ ಗೈರುಹಾಜರಿಯ ಬದಲು ಬೇರೆ ಗುರುತು ಬೀಳುತ್ತದೆ. ಸಂಬಳದ ದಿನ ಆ ಗುರುತಿಗೂ ದುಡ್ಡು ಲೆಕ್ಕ ಹಾಕಬೇಕು. ಇದಲ್ಲದೆ ಜೀಪಿನ ಡೀಸೆಲ್ ಇದೆ. ರಾತ್ರಿ ಹೆರಿಗೆ ನೋವು ಬಂದರೆ ತೋಟದ ಜೀಪೇ ಆಂಬುಲೆನ್ಸ್. ಮೆಡಿಕಲ್ ಖಾತೆ ಎಂದರೆ ಮುಖ್ಯವಾಗಿ ಇಷ್ಟೇ: ಕಂಪೌಂಡರ್, ಮದ್ದು, ಸಿಕ್ ಸಂಬಳ, ಹೆರಿಗೆ ಭತ್ಯೆ, ಜೀಪು.

ಇದನ್ನೆಲ್ಲ ಯಾವ ಮಾಲೀಕನೂ ಧರ್ಮಕ್ಕೆ ಮಾಡಿದ್ದಲ್ಲ. 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ಅದನ್ನು ಮಾಲೀಕನ ಹೆಗಲಿಗೆ ಹಾಕಿತು. 1954ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಾಯ್ದೆ ಚಹಾ, ಕಾಫಿ, ರಬ್ಬರ್, ಏಲಕ್ಕಿ ತೋಟಗಳಿಗೆ ಅನ್ವಯಿಸುತ್ತಿತ್ತು. ಮನೆ, ಕುಡಿಯುವ ನೀರು, ಶಿಶುವಿಹಾರ, ಕ್ಯಾಂಟೀನ್, ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಎಲ್ಲವೂ ತೋಟದ್ದೇ ಖರ್ಚು. ಐದು ಹೆಕ್ಟೇರು ಮೇಲಿದ್ದು ಹದಿನೈದು ಜನ ಕೆಲಸಕ್ಕಿದ್ದರೆ ಸಾಕು, ಕಾಯ್ದೆ ಹಿಡಿಯುತ್ತಿತ್ತು. ಕಾರಣವೂ ಸರಳವಾಗಿತ್ತು. ತೋಟಗಳಿದ್ದದ್ದು ಕಾಡಿನ ಮಧ್ಯೆ, ಸರ್ಕಾರದ ಆಸ್ಪತ್ರೆ ಇದ್ದದ್ದು ಪೇಟೆಯಲ್ಲಿ, ನಡುವೆ ಮಲೇರಿಯಾ. ಅತ್ತ ನಗರದ ಕಾರ್ಖಾನೆಗಳಿಗೆ ಪ್ರೊ. ಬಿ.ಪಿ. ಅದಾರ್ಕರ್ 1944ರಲ್ಲಿ ಕೊಟ್ಟ ವರದಿಯ ಮೇಲೆ 1948ರಲ್ಲಿ ಇಎಸ್‌ಐ ಕಾಯ್ದೆ ಬಂತು. ಅಲ್ಲಿ ಮಾಲೀಕನೂ ಕಾರ್ಮಿಕನೂ ಸೇರಿ ಕಂತು ಕಟ್ಟುತ್ತಾರೆ, ಆಸ್ಪತ್ರೆಯನ್ನು ನಿಗಮ ನೋಡಿಕೊಳ್ಳುತ್ತದೆ. ತೋಟದಲ್ಲಿ ಹಾಗಲ್ಲ. ಕಂತೂ ಇಲ್ಲ, ನಿಗಮವೂ ಇಲ್ಲ. ಮಾಲೀಕನೇ ವೈದ್ಯ, ಮಾಲೀಕನೇ ವಿಮಾ ಕಂಪನಿ. ಇನ್ನು 1946ರಲ್ಲಿ ಭೋರ್ ಸಮಿತಿ ದುಡ್ಡಿರಲಿ ಬಿಡಲಿ ಎಲ್ಲರಿಗೂ ಚಿಕಿತ್ಸೆ ಸಿಗಬೇಕು ಎಂದು ಹೇಳಿತ್ತಲ್ಲ, ಆ ಮೂರನೆಯ ದಾರಿ ಕಾಗದದಲ್ಲೇ ಉಳಿಯಿತು.

ದೊಡ್ಡ ಕಂಪನಿಗಳು ಇದನ್ನು ದೊಡ್ಡದಾಗಿಯೇ ಮಾಡಿದವು. ಅಮ್ಮತ್ತಿಯ ಆರ್‌ಐಎಚ್‌ಪಿ ಆಸ್ಪತ್ರೆ ಗೊತ್ತಿಲ್ಲದವರು ದಕ್ಷಿಣ ಕೊಡಗಿನಲ್ಲಿ ಕಡಿಮೆ. ಪೂರ್ತಿ ಹೆಸರು ರೂರಲ್ ಇಂಡಿಯಾ ಹೆಲ್ತ್ ಪ್ರಾಜೆಕ್ಟ್. ಪಾಲಿಬೆಟ್ಟದಲ್ಲಿ ನೋಂದಾಯಿತ ಕಚೇರಿ ಇದ್ದ ಟಾಟಾ ಕಾಫಿಯ, ಅಂದರೆ ಹಳಬರ ಬಾಯಲ್ಲಿ ಇನ್ನೂ 'ಕನ್ಸಾಲಿಡೇಟೆಡ್' ಆಗಿರುವ ಕಂಪನಿಯ ಬೆಂಬಲದಿಂದ ಬೆಳೆದ ಆಸ್ಪತ್ರೆ ಅದು. ಈಗ ಟಾಟಾ ಕಾಫಿ 2024ರ ಜನವರಿಯಿಂದ ಟಾಟಾ ಕನ್ಸ್ಯೂಮರ್‌ನಲ್ಲಿ ವಿಲೀನವಾಗಿದೆ. ಆ ಆಸ್ಪತ್ರೆಗೆ ಹೋಗುವವರು ತೋಟದ ಕಾರ್ಮಿಕರು ಮಾತ್ರ ಅಲ್ಲ, ಸುತ್ತಲ ಊರಿನ ಸಣ್ಣ ಬೆಳೆಗಾರರೂ ಅವರ ಮನೆಯವರೂ ಹೋಗುತ್ತಾರೆ. ಕೆಲಸಗಾರರಿಗಾಗಿ ಕಾಯ್ದೆ ಕಟ್ಟಿಸಿದ ವ್ಯವಸ್ಥೆಯ ಬಾಗಿಲು ನೆರೆಯವರಿಗೂ ತೆರೆದುಕೊಂಡಿತು ಎನ್ನಬಹುದು. ಆದರೆ ಇಂಥದ್ದನ್ನು ಕಟ್ಟಬಲ್ಲ ಕಂಪನಿಗಳು ನಮ್ಮಲ್ಲಿ ಎಷ್ಟಿವೆ? ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಮಧ್ಯಮ ಗಾತ್ರದ ತೋಟಗಳಲ್ಲಿ ಕಾಯ್ದೆ ಎಂದರೆ ಒಂದು ಕಬ್ಬಿಣದ ಬೀರು, ಅದರೊಳಗೆ ಪ್ಯಾರಾಸಿಟಮಾಲ್, ಟಿಂಚರ್, ಹತ್ತಿ. ಇನ್ಸ್‌ಪೆಕ್ಟರ್ ಬರುವ ಸುದ್ದಿ ಇದ್ದ ದಿನ ಆ ಬೀರುವಿಗೆ ಹೊಸ ಬಟ್ಟೆ ಹಾಸಿದ್ದನ್ನೂ ನಾನು ನೋಡಿದ್ದೇನೆ.

ಈ ಹಿನ್ನೆಲೆಗೆ ಸರ್ಕಾರದ ಕಾರ್ಡ್ ಬಂದದ್ದು 2018ರಲ್ಲಿ. ಯಶಸ್ವಿನಿ 2003ರಲ್ಲೇ ಸಹಕಾರ ಸಂಘದ ಸದಸ್ಯರಿಗೆ ಬಂದಿತ್ತು, ವಾಜಪೇಯಿ ಆರೋಗ್ಯಶ್ರೀ ಆಮೇಲೆ ಬಂತು. ಅವನ್ನೆಲ್ಲ ಒಂದೇ ಸೂರಿನಡಿ ತಂದು ಮೊದಲು ಆರೋಗ್ಯ ಕರ್ನಾಟಕ, ಅದೇ ವರ್ಷದ ಅಕ್ಟೋಬರ್ ಕೊನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮಾಡಿದರು. (ಯಶಸ್ವಿನಿ 2023ರ ಜನವರಿಯಿಂದ ಮತ್ತೆ ಬೇರೆಯಾಗಿ ನಡೆಯುತ್ತಿದೆ, ಅದು ಬೇರೆ ಕಥೆ.) ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ಅದಕ್ಕೆ ಮಿತಿ ವರ್ಷಕ್ಕೆ 1.5 ಲಕ್ಷ. ಎಲ್ಲ ಕುಟುಂಬಗಳಿಗೂ ಏನಾದರೊಂದು ಉಂಟು ಎಂಬ ಅರ್ಥದಲ್ಲಿ ಇದನ್ನು ಸಾರ್ವತ್ರಿಕ ಎನ್ನುತ್ತಾರೆ.

ಈಗ ಈ ಕಾರ್ಡನ್ನು ಮೇಲೆ ಹೇಳಿದ ಮೆಡಿಕಲ್ ಖಾತೆಯ ಪಕ್ಕ ಇಟ್ಟು ನೋಡಿ. ಕಾರ್ಡ್ ಕೊಡುವುದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಯ ಪ್ಯಾಕೇಜಿಗೆ. ತೋಟ ಖರ್ಚು ಮಾಡುವುದು ಸೇರುವ ಮುಂಚಿನ ಮತ್ತು ಬಿಟ್ಟು ಬಂದ ಮೇಲಿನ ದಿನಗಳಿಗೆ. ಜ್ವರದ ಮಾತ್ರೆ, ಡ್ರೆಸ್ಸಿಂಗ್, ಸಿಕ್ ಸಂಬಳ, ಜೀಪು ಇವುಗಳಲ್ಲಿ ಯಾವುದೂ ಕಾರ್ಡಿನಲ್ಲಿಲ್ಲ. ಹಾಗಾಗಿ ಆ ಬೆಳೆಗಾರರು ಕಂಪೌಂಡರನ್ನು ಬಿಡಿಸಿದರೆ ಅವನ ಸಂಬಳ ಉಳಿಯುತ್ತದೆ, ನಿಜ. ಆದರೆ ಅವನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದ ಡ್ರೆಸ್ಸಿಂಗಿಗೆ ಕಾರ್ಮಿಕ ಬಸ್ಸು ಹಿಡಿದು ವಿರಾಜಪೇಟೆಗೆ ಹೋಗುತ್ತಾನೆ. ಆ ದಿನದ ಕೆಲಸ ಹೋಯಿತು. ಸಂತೆ ದಿನವಾದರೆ ಮರುದಿನದ್ದೂ ಹೋಯಿತು ಎಂದೇ ಇಟ್ಟುಕೊಳ್ಳಿ.

ದೊಡ್ಡ ಪೆಟ್ಟಿನ ವಿಷಯಕ್ಕೆ ಬರೋಣ. ಕರಿಮೆಣಸು ಕುಯ್ಯುವವನು ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಬಿದಿರಿನ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಎನ್ನಿ. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಮೈಸೂರು. ಯೋಜನೆಯ ನಿಯಮದಂತೆ ತುರ್ತು ಪಟ್ಟಿಯಲ್ಲಿ ಇಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದು ಎಂದು ರೆಫರಲ್ ಬರೆದುಕೊಟ್ಟರೆ ಮಾತ್ರ ಖಾಸಗಿ ಆಸ್ಪತ್ರೆ. ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಕೊಡಗಿಗೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು 2019ರಲ್ಲಿ ಇಲ್ಲಿಯ ಯುವಕರು ಜಾಲತಾಣದಲ್ಲಿ ಎಬ್ಬಿಸಿದ ಕೂಗು ನೆನಪಿರಬಹುದು; ಆ ಕೂಗು ಹುಟ್ಟಿದ್ದೇ ಈ ದೂರದಿಂದ. ಆಪರೇಷನ್ ಬಿಲ್ಲು ಸೊನ್ನೆ ಆಗಬಹುದು. ಆದರೆ ಜೊತೆಗೆ ಹೋದ ಹೆಂಡತಿಯ ಕೂಲಿ, ಅಣ್ಣನ ಕೂಲಿ, ಊಟ, ವಾಪಸು ಬರುವ ಗಾಡಿ? ಮೇಲಾಗಿ ಇದು ಕೆಲಸದಲ್ಲಿ ಆದ ಅಪಘಾತ. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಕೊಡುವ ಹೊಣೆ 1923ರ ಕಾಯ್ದೆಯ ಕಾಲದಿಂದಲೂ ಮಾಲೀಕನದ್ದೇ. ಕೈಯಲ್ಲಿ ಸರ್ಕಾರದ ಕಾರ್ಡ್ ಇದೆ ಎಂದು ಆ ಹೊಣೆ ಕಳಚಿ ಬೀಳುವುದಿಲ್ಲ. ಕೆಲವರು ಹಾಗೆ ತಿಳಿದುಕೊಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಕಾರ್ಡಿನಿಂದ ತೋಟಕ್ಕೆ ಏನೂ ಬದಲಾಗಿಲ್ಲವೇ? ಬದಲಾಗಿದೆ, ಆದರೆ ಮೆಡಿಕಲ್ ಖಾತೆಯಲ್ಲಿ ಅಲ್ಲ, ಮುಂಗಡದ ಖಾತೆಯಲ್ಲಿ. ತೋಟದ ಬದುಕು ಗೊತ್ತಿದ್ದವರಿಗೆ ಮುಂಗಡ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಲೈನ್‌ಮನೆಯವನ ಹೆಂಡತಿಗೆ ಆಪರೇಷನ್ ಆಗಬೇಕು, ಖಾಸಗಿ ಆಸ್ಪತ್ರೆ ನಲವತ್ತು ಸಾವಿರ ಕೇಳುತ್ತದೆ, ಅವನ ಹತ್ತಿರ ನಾಲ್ಕು ಸಾವಿರವೂ ಇಲ್ಲ. ಮಾಲೀಕರು ಕೊಡುತ್ತಾರೆ. ರೈಟರ್ ಬರೆದುಕೊಳ್ಳುತ್ತಾನೆ. ಪ್ರತಿ ಸಂಬಳದಲ್ಲೂ ಸ್ವಲ್ಪ ಸ್ವಲ್ಪ ಮುರಿಯುತ್ತಾರೆ, ಹಬ್ಬಕ್ಕೆ ಮತ್ತೆ ಸ್ವಲ್ಪ ಸೇರುತ್ತದೆ, ಮಗಳ ಮದುವೆಗೆ ಇನ್ನಷ್ಟು. ಮುಂಗಡ ತೀರುವವರೆಗೆ ಅವನು ಬೇರೆ ತೋಟಕ್ಕೆ ಹೋಗುವಂತಿಲ್ಲ. ಕಾನೂನು ಹಾಗೆ ಹೇಳುವುದಿಲ್ಲ. ಜೀತ ಪದ್ಧತಿ 1976ರಲ್ಲೇ ನಿಷೇಧವಾಗಿದೆ. ಆದರೂ ಪಣಿಯ ಎರವರ ಎಷ್ಟು ಮನೆಗಳ ಪಾಲಿಗೆ ಆ ಪುಸ್ತಕವೇ ಕಾನೂನಾಗಿತ್ತು ಎಂಬುದನ್ನು ಆ ಪುಸ್ತಕ ಬರೆದವನಾಗಿ ಹೇಳುತ್ತೇನೆ. ಮುಂಗಡದ ದೊಡ್ಡ ಮೊತ್ತಗಳಲ್ಲಿ ಬಹಳಷ್ಟು ಆಸ್ಪತ್ರೆಯವೇ ಇರುತ್ತಿದ್ದವು. ಐದು ಲಕ್ಷದ ಕಾರ್ಡ್ ಸಡಿಲಿಸಿದ್ದು ಈ ಗಂಟನ್ನು.

ಮಾಲೀಕರಿಗೆ ಇದು ಉಳಿತಾಯವೋ ನಷ್ಟವೋ? ಎರಡೂ ಹೌದು. ದುಡ್ಡು ಕೈಬಿಟ್ಟು ಹೋಗುವುದು ತಪ್ಪಿತು. ಆದರೆ ಆಳು ಕೈಬಿಟ್ಟು ಹೋಗುವ ದಾರಿಯೂ ತೆರೆಯಿತು. ರೋಬಸ್ಟಾ ಕುಯ್ಲಿನ ಸಮಯದಲ್ಲಿ ಪಕ್ಕದ ತೋಟದವರು ಕೆಜಿಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೆ ಮುಂಗಡವಿಲ್ಲದವನು ಅಲ್ಲಿಗೆ ಹೋಗುತ್ತಾನೆ. ಅವನನ್ನು ನಿಲ್ಲಿಸಿಕೊಳ್ಳಲು ನೀವೂ ರೇಟು ಏರಿಸಬೇಕು. ಆಸ್ಪತ್ರೆಯ ಬಾಬತ್ತಿನಲ್ಲಿ ಉಳಿದದ್ದು ಕೂಲಿಯ ಬಾಬತ್ತಿನಲ್ಲಿ ಹೋಗುತ್ತದೆ. ನನ್ನನ್ನು ಕೇಳಿದರೆ ಅದು ಹಾಗೇ ಆಗಬೇಕು.

ಇದು ನಮ್ಮೂರಿನ ವಿಚಿತ್ರವೇನಲ್ಲ. ಇದನ್ನೇ ಬಹಳ ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಅಮೆರಿಕ ಇದೆ. ಅಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸಂಬಳ ಏರಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿತು. ಆಳು ಸಿಗದ ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆಯ ಆಸೆ ತೋರಿಸಿ ಜನರನ್ನು ಸೆಳೆದವು. ಅದು ಹಾಗೆಯೇ ಬೇರು ಬಿಟ್ಟಿತು. ಕೆಎಫ್‌ಎಫ್ ಎಂಬ ಸಂಸ್ಥೆಯ 2024ರ ಸಮೀಕ್ಷೆಯಂತೆ ಅಲ್ಲಿ ಕಂಪನಿಯ ಮೂಲಕ ಒಂದು ಕುಟುಂಬಕ್ಕೆ ಮಾಡಿಸುವ ವಿಮೆಯ ಸರಾಸರಿ ಪ್ರೀಮಿಯಂ ವರ್ಷಕ್ಕೆ 25,572 ಡಾಲರ್. ಅದರಲ್ಲಿ ನೌಕರ ಕೊಡುವುದು 6,296, ಉಳಿದದ್ದೆಲ್ಲ ಕಂಪನಿಯದು. ಒಂದು ಕಾರಿಗೆ ಸುಮಾರು 1,500 ಡಾಲರ್ ಆರೋಗ್ಯದ ಖರ್ಚೇ ಬೀಳುತ್ತದೆ, ಕಾರಿಗೆ ಹಾಕುವ ಉಕ್ಕಿಗಿಂತ ಇದೇ ಹೆಚ್ಚು ಎಂದು ಜನರಲ್ ಮೋಟರ್ಸ್ ಒಂದು ಕಾಲದಲ್ಲಿ ಗೋಳಾಡಿತ್ತು. ಅದೇ ಕಂಪನಿ ಗಡಿಯಾಚೆಯ ಕೆನಡಾದಲ್ಲಿ, 2002ರಲ್ಲಿ, ಫೋರ್ಡ್ ಮತ್ತು ಕ್ರೈಸ್ಲರ್ ಜೊತೆಗೆ ಅಲ್ಲಿಯ ಕಾರ್ಮಿಕ ಸಂಘದೊಂದಿಗೆ ಸೇರಿ ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನು ಉಳಿಸಿಕೊಳ್ಳಿ, ಅದರಿಂದಲೇ ನಮ್ಮ ಕಾರ್ಖಾನೆಗಳು ಪೈಪೋಟಿಯಲ್ಲಿ ನಿಂತಿವೆ ಎಂದು ಪತ್ರಕ್ಕೆ ಸಹಿ ಹಾಕಿತು. ವಿಮೆ ಹೋದೀತೆಂದು ಕೆಲಸ ಬಿಡದೆ ಕಚ್ಚಿಕೊಂಡಿರುವ ಜನರೂ ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ. ಅವರ ವಿಮೆಗೂ ನಮ್ಮ ಲೈನ್‌ಮನೆಯ ಮುಂಗಡಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಸರ್ಕಾರವೇ ನೋಡಿಕೊಳ್ಳುವ ದೇಶಗಳಲ್ಲಿ ಮಾಲೀಕ ಪಾರಾಗಿದ್ದಾನೆಯೇ? ಇಲ್ಲ. ಬ್ರಿಟನ್ನಿನಲ್ಲಿ 1948ರ ಜುಲೈ 5ರಿಂದ ಎಲ್ಲರಿಗೂ ಚಿಕಿತ್ಸೆ ಉಚಿತ, ಆದರೆ ಅದು ತೆರಿಗೆಯಿಂದ ನಡೆಯುತ್ತದೆ. 2025ರ ಏಪ್ರಿಲಿನಲ್ಲಿ ಅಲ್ಲಿ ಉದ್ಯೋಗದಾತರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ದರವನ್ನು ಶೇ 13.8ರಿಂದ ಶೇ 15ಕ್ಕೆ ಏರಿಸಿದರು. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿ ಶುರು ಮಾಡಿದ ವ್ಯವಸ್ಥೆ ಇವತ್ತಿಗೂ ಕಂತಿನ ಮೇಲೆ ನಿಂತಿದೆ: ಮೂಲ ದರ ಸಂಬಳದ ಶೇ 14.6, ಅರ್ಧ ಮಾಲೀಕನದು, ಅರ್ಧ ನೌಕರನದು. ಮಾಲೀಕನ ಎಡ ಜೇಬಿನ ಖರ್ಚು ಬಲ ಜೇಬಿಗೆ ಬಂದಿದೆ, ಅಷ್ಟೇ. ಆದರೂ ಒಂದು ಲಾಭ ಉಂಟು. ಪಕ್ಕದವನೂ ಅಷ್ಟೇ ಕಟ್ಟುತ್ತಾನೆ. ಮುಂದಿನ ವರ್ಷ ಎಷ್ಟು ಕಟ್ಟಬೇಕೆಂದು ಮೊದಲೇ ಗೊತ್ತಿರುತ್ತದೆ. ತನ್ನ ಕಂಪನಿಯ ಇಬ್ಬರಿಗೆ ಕ್ಯಾನ್ಸರ್ ಬಂತೆಂದು ಪ್ರೀಮಿಯಂ ಜಿಗಿಯುವುದಿಲ್ಲ.

ಸೌಲಭ್ಯ ಸರ್ಕಾರಕ್ಕೆ ಹೋದಾಗ ಉಳಿದ ದುಡ್ಡು ಯಾರಿಗೆ ಎಂಬ ಜಗಳ ನಮ್ಮ ದೇಶದ ತೋಟಗಳಲ್ಲೇ ನಡೆದಿದೆ. ಉತ್ತರ ಬಂಗಾಳದ ಚಹಾ ತೋಟಗಳಲ್ಲಿ ಕಾರ್ಮಿಕರಿಗೆ ಮಾಲೀಕರೇ ಅಗ್ಗದ ದರದಲ್ಲಿ ಅಕ್ಕಿ, ಗೋಧಿ ಕೊಡುವ ಪದ್ಧತಿ ಇತ್ತು. ಆಹಾರ ಭದ್ರತಾ ಕಾಯ್ದೆಯ ಪಡಿತರ 2016ರಲ್ಲಿ ಅಲ್ಲಿಗೆ ಬಂದ ಮೇಲೆ ತೋಟಗಳು ತಮ್ಮ ಪಡಿತರ ನಿಲ್ಲಿಸಿದವು. ಅದು ನಮ್ಮ ಕೂಲಿಯ ಭಾಗ, ಅದರ ಬದಲು ದುಡ್ಡು ಕೊಡಿ ಎಂದು ಸಂಘಗಳು ಪಟ್ಟು ಹಿಡಿದವು. ಕಾರ್ಮಿಕರ ಆ ವಾದ ಸರಿಯಾಗಿಯೇ ಇತ್ತು. ಕೂಲಿ ಏಕೆ ಕಡಿಮೆ ಎಂದು ಕೇಳಿದಾಗಲೆಲ್ಲ ಅಕ್ಕಿ ಕೊಡುತ್ತೇವಲ್ಲ, ಆಸ್ಪತ್ರೆ ಕೊಡುತ್ತೇವಲ್ಲ ಎಂದು ಚಹಾ ತೋಟದ ಆಡಳಿತಗಳೇ ಹೇಳುತ್ತ ಬಂದಿದ್ದವು. ಕೊಡುವಾಗ ಕೂಲಿಯ ಭಾಗವಾಗಿದ್ದದ್ದು ನಿಲ್ಲಿಸುವಾಗ ಮಾಲೀಕನ ಉಳಿತಾಯವಾಗುವುದು ಹೇಗೆ?

ಈ ಪ್ರಶ್ನೆ ಈಗ ಕೊಡಗಿನ ಬಾಗಿಲಿಗೂ ಬಂದಿದೆ. ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1951ರ ತೋಟ ಕಾಯ್ದೆ ಅವುಗಳೊಳಗೆ ಸೇರಿಹೋಯಿತು. ಇಲ್ಲಿ ತೋಟದ ಮಾಲೀಕನಿಗೆ ಹೊಸ ಆಯ್ಕೆಯೊಂದಿದೆ. ಚಿಕಿತ್ಸೆಯ ಸೌಲಭ್ಯವನ್ನು ತಾನೇ ಕೊಡುವ ಬದಲು ಕಾರ್ಮಿಕರನ್ನು ಇಎಸ್‌ಐಗೆ ಸೇರಿಸಬಹುದು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇದಕ್ಕೊಂದು ಷರತ್ತು ಇದೆ: ಇಎಸ್‌ಐ ಕೊಡುವ ಸೌಲಭ್ಯ ಈಗ ಮಾಲೀಕ ಕೊಡುತ್ತಿರುವುದಕ್ಕಿಂತ ಉತ್ತಮವಾಗಿರಬೇಕು.

ದುಡ್ಡಿನ ಲೆಕ್ಕ ಸುಲಭ. ಇಎಸ್‌ಐ ಕಂತು 2019ರ ಜುಲೈಯಿಂದ ಒಟ್ಟು ಶೇ 4, ಮಾಲೀಕನದು 3.25, ಕಾರ್ಮಿಕನದು 0.75. ತಿಂಗಳಿಗೆ 12,000 ರೂಪಾಯಿ ದುಡಿಯುವ ಕಾರ್ಮಿಕನ ಮೇಲೆ ಮಾಲೀಕ ಕಟ್ಟುವುದು 390 ರೂಪಾಯಿ, ಕಾರ್ಮಿಕನ ಸಂಬಳದಿಂದ ಮುರಿಯುವುದು 90. ಅಂಥ ನಾನೂರು ಜನರಿರುವ ತೋಟಕ್ಕೆ ತಿಂಗಳಿಗೆ 1,56,000, ವರ್ಷಕ್ಕೆ 18,72,000 ರೂಪಾಯಿ. ಡಾಕ್ಟರ್, ನರ್ಸು, ಹಾಸಿಗೆ ಇಟ್ಟುಕೊಂಡ ದೊಡ್ಡ ಕಂಪನಿಗೆ ಇದು ಅಗ್ಗವಾಗಿ ಕಾಣಬಹುದು. ಒಂದು ಬೀರು ಇಟ್ಟುಕೊಂಡವರಿಗೆ ದುಬಾರಿ. ಕಾಯ್ದೆಯನ್ನು ಸರಿಯಾಗಿ ಪಾಲಿಸಿದವರಿಗೆ ಉಳಿತಾಯ, ಪಾಲಿಸದವರಿಗೆ ಹೊಸ ಖರ್ಚು. ಈ ಒಂದು ಕಾರಣಕ್ಕೇ ನನಗೆ ಇಎಸ್‌ಐ ಮೇಲೆ ಒಲವಿದೆ. ಅದರ ಸಿಕ್ ಭತ್ಯೆಯೂ ಚೆನ್ನಾಗಿದೆ: ಸಂಬಳದ ಶೇ 70, ವರ್ಷದಲ್ಲಿ 91 ದಿನಗಳವರೆಗೆ. ಕೆಲಸದಲ್ಲಿ ಪೆಟ್ಟಾದರೆ ಅದರ ಭಾರವೂ ನಿಗಮದ್ದೇ.

ಆದರೆ ಉತ್ತಮವೋ ಅಲ್ಲವೋ ಎಂದು ತೂಗುವುದು ಕಾಗದದ ಮೇಲೋ, ವಿರಾಜಪೇಟೆಯಲ್ಲಿ ನಿಂತೋ? ನಮ್ಮ ಜಿಲ್ಲೆಯಲ್ಲಿ ಇಎಸ್‌ಐ ಆಸ್ಪತ್ರೆ ಇಲ್ಲ. ಹತ್ತಿರದ್ದು ಮೈಸೂರಿನಲ್ಲಿದೆ. ಇಲ್ಲಿಯ ಖಾಸಗಿ ಆಸ್ಪತ್ರೆಗಳ ಜೊತೆ ನಿಗಮ ಒಪ್ಪಂದ ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು. ಅದಾಗದೆ ತೋಟಗಳು ಇಎಸ್‌ಐ ಆಯ್ದುಕೊಂಡರೆ ಕಾರ್ಮಿಕ ತಿಂಗಳು ತಿಂಗಳು 90 ರೂಪಾಯಿ ಕೊಟ್ಟು ಕಂಪೌಂಡರನ್ನು ಕಳೆದುಕೊಂಡಂತಾಗುತ್ತದೆ.

ಇನ್ನು ಹೊರಗಿನಿಂದ ಬರುವವರು. ಇವತ್ತು ಕುಯ್ಲಿನ ಹೊತ್ತಿಗೆ ತೋಟದಲ್ಲಿ ಕೇಳುವ ಭಾಷೆ ಅಸ್ಸಾಮಿ, ಬಂಗಾಳಿ. ಇವರ ಹತ್ತಿರ ಕರ್ನಾಟಕದ ಪಡಿತರ ಚೀಟಿ ಇಲ್ಲ. ಅಸ್ಸಾಮಿನವರ ಬಳಿ ಊರಿನಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಇಲ್ಲಿಯೂ ನಡೆಯುತ್ತದೆ. ಎಷ್ಟೋ ಮೇಸ್ತ್ರಿಗಳಿಗೆ ಇದು ಗೊತ್ತೇ ಇಲ್ಲ. ಪಶ್ಚಿಮ ಬಂಗಾಳವಾದರೋ 2019ರ ಜನವರಿಯಲ್ಲಿ ಯೋಜನೆಯಿಂದ ಹೊರಬಂದು ತನ್ನದೇ ಕಾರ್ಡನ್ನು ನೆಚ್ಚಿಕೊಂಡಿತು. ಇಎಸ್‌ಐಗೆ ಸೇರಿಸಿದರೂ ಇವರ ಪಾಡು ಬೇರೆ. ಅಕ್ಟೋಬರಿನಿಂದ ಮಾರ್ಚಿನವರೆಗಿನ ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಬಿದ್ದಿದ್ದರೆ ಸಿಕ್ ಭತ್ಯೆಯ ಹಕ್ಕು ಬರುತ್ತದೆ, ಆದರೆ ಆ ಹಕ್ಕಿನ ಅವಧಿ ಶುರುವಾಗುವುದು ಬೇಗ ಎಂದರೂ ಜುಲೈಯಲ್ಲಿ. ಜುಲೈಯಲ್ಲಿ ಕೊಡಗಿನಲ್ಲಿ ಮಳೆ, ಅವನು ಬ್ರಹ್ಮಪುತ್ರದ ದಂಡೆಯಲ್ಲಿ. ಹೀಗೆ ಯಾವ ಯೋಜನೆಗೂ ಪೂರ್ತಿ ಸಿಕ್ಕದವನಿಗೆ ರಾತ್ರಿ ಹತ್ತು ಗಂಟೆಗೆ ಜ್ವರ ಬಂದರೆ ಇರುವುದು ತೋಟದ ಕಂಪೌಂಡರ್ ಮತ್ತು ಜೀಪು. ತೊಂಬತ್ತರ ದಶಕದಲ್ಲಿ ಇವರು ಇಷ್ಟು ಇರಲಿಲ್ಲ, ಈಗ ಇವರಿಲ್ಲದೆ ಕುಯ್ಲಿಲ್ಲ.

ಹಾಗೆಂದು ಎಲ್ಲವೂ ಮಾಲೀಕನ ಮೇಲೆಯೇ ಇರಲಿ ಎಂದು ನಾನು ಹೇಳುವುದಿಲ್ಲ. ಅದರ ಅಪಾಯವನ್ನು ಕೊಡಗು ಕಂಡಿದೆ. 2000ದ ಆಚೀಚೆ ಕಾಫಿ ರೇಟು ನೆಲ ಕಚ್ಚಿದ ವರ್ಷಗಳಲ್ಲಿ ಗೊಬ್ಬರ ನಿಂತಿತು, ಮರಗಸಿ ನಿಂತಿತು, ಜೊತೆಗೆ ಮದ್ದಿನ ಖರೀದಿಯೂ ನಿಂತಿತು. ನಿವೃತ್ತನಾದ ಕಂಪೌಂಡರ್ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ. ಲಂಡನ್ನಿನ ಮಾರುಕಟ್ಟೆಯಲ್ಲಿ ರೋಬಸ್ಟಾ ಬಿದ್ದರೆ ಅಮ್ಮತ್ತಿ ಹೋಬಳಿಯ ಬಸುರಿಗೆ ಕಬ್ಬಿಣದ ಮಾತ್ರೆ ತಪ್ಪುವ ವ್ಯವಸ್ಥೆ ಒಳ್ಳೆಯದಲ್ಲ. ಈಚೆಗೆ ರೇಟು ದಾಖಲೆ ಮುಟ್ಟಿದ್ದರಿಂದ ಯಾರಿಗೂ ಆ ದಿನಗಳ ನೆನಪಿಲ್ಲ. ರೇಟು ಮತ್ತೆ ಇಳಿದೇ ಇಳಿಯುತ್ತದೆ. ಅಷ್ಟರೊಳಗೆ ಸರ್ಕಾರದ ವ್ಯವಸ್ಥೆ ಗಟ್ಟಿಯಾಗಿರಬೇಕು: ಆಸ್ಪತ್ರೆಗೆ ಸೇರದೆಯೂ ಸಿಗುವ ಮದ್ದು, ಹತ್ತಿರದ ಉಪಕೇಂದ್ರದಲ್ಲಿ ಖಾಲಿ ಇರದ ನರ್ಸ್ ಹುದ್ದೆ, ಪಡಿತರ ಚೀಟಿ ಕೇಳದೆ ನೋಡುವ ಡಾಕ್ಟರ್. ಅದಕ್ಕೆ ತೆರಿಗೆ ಕೊಡಬೇಕಾದರೆ ದೊಡ್ಡ ತೋಟಗಳು ಗೊಣಗದೆ ಕೊಡಲಿ. ಕಂಪೌಂಡರ್ ಕೋಣೆಗಿಂತ ಅದು ಕೊನೆಗೆ ಅಗ್ಗವೇ ಬೀಳುತ್ತದೆ.

ಸಿದ್ದಾಪುರದ ಆ ಹಿರಿಯರಿಗೂ ಅವರಂತೆ ಯೋಚಿಸುತ್ತಿರುವ ಉಳಿದವರಿಗೂ ನನ್ನ ಕೋರಿಕೆ ಇಷ್ಟೇ. ಇಎಸ್‌ಐ ಆಯ್ಕೆಗೆ ಸಹಿ ಹಾಕುವ ಮೊದಲು ನಿಮ್ಮ ಲೈನ್‌ಮನೆಯವರನ್ನು ಕೂರಿಸಿಕೊಂಡು ಕೇಳಿ. ನಿಮ್ಮ ಬೆಳೆಗಾರರ ಸಂಘದ ಮೂಲಕ, ಕಾರ್ಮಿಕ ಸಂಘದವರನ್ನೂ ಜೊತೆ ಸೇರಿಸಿಕೊಂಡು, ವಿರಾಜಪೇಟೆ, ಗೋಣಿಕೊಪ್ಪ, ಅಮ್ಮತ್ತಿಗಳಲ್ಲಿ ಯಾವ ಆಸ್ಪತ್ರೆಯಲ್ಲಿ ನಮ್ಮವರನ್ನು ನೋಡುತ್ತೀರಿ ಎಂದು ನಿಗಮಕ್ಕೆ ಬರೆಯಿರಿ. ಉತ್ತರ ಲಿಖಿತವಾಗಿ ಬರಲಿ. ಅದು ಬರುವ ತನಕ ಕಂಪೌಂಡರನ್ನು ಕೆಲಸದಿಂದ ಬಿಡಿಸಬೇಡಿ.